ಸೊಟ್ಟ ಕಿಟಕಿಯ ಅಳತೆ

ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅಕ್ಕ ಉತ್ತರ ಕೊಡುವಂತಿರಲಿಲ್ಲ. ತಂಗಿ ಮಣೆಯ ಮೇಲೆ ನಿಂತು, ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ಕಳೆದ ಸಲ ಬಂದುಹೋದ ಮೇಲಿನ ಸುದ್ದಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಹೊಸ ಆಫೀಸಿನಲ್ಲಿ ಮೇಲಿನವಳು ಒಳ್ಳೆಯವಳಂತೆ, ಆದರೆ ಫ್ಯಾನು ಹಾಕಲು ಬಿಡುವುದಿಲ್ಲವಂತೆ. ಗಂಡನ ಮನೆಯವರು ಎರಡು ಸಲ ಬಂದುಹೋದರಂತೆ. ಎರಡನೆಯ ಸಲ ಹನ್ನೊಂದು ಮಂದಿ. ಕುರ್ಚಿ ಸಾಲದೆ ಅತ್ತೆ ಮಂಚದ ಮೇಲೆ ಕೂತು ಊಟ ಮಾಡಿದರಂತೆ. ತಮ್ಮನ ಮಗಳು ನಡೆಯಲು ಶುರು ಮಾಡಿದ್ದಾಳಂತೆ, ಅದೂ ಹಿಂದಕ್ಕೆ.

"ಹಿಂದಕ್ಕಾ?" ಎಂದಳು ಬಾಗಿಲ ಬಳಿ ಕೂತಿದ್ದ ಕಾಜಮ್ಮ. ಹನ್ನೆರಡು ವರ್ಷದಿಂದ ಅಕ್ಕನ ಜೊತೆ ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು.

"ಹೂಂ ರೀ, ಹಿಂದಕ್ಕೆ. ಗೋಡೆ ಹಿಡ್ಕೊಂಡು ಹಿಂದೆ ಹಿಂದೆ ಹೋಗ್ತಾಳೆ. ಮುಂದೆ ಕಾಲಿಡೋಕೆ ಭಯ ಅವಳಿಗೆ."

"ಅಪ್ಪನ್ನೇ ಹೋಲ್ತಾಳೆ ಅನ್ನಿ."

ತಂಗಿ ನಕ್ಕಳು. ನಕ್ಕಾಗ ಕೋಟಿನ ಬೆನ್ನು ಬಿಗಿಯಿತು. ಅಕ್ಕ ಒಂದು ಸೂಜಿಯನ್ನು ಬಾಯಿಂದ ತೆಗೆದು ಸೊಂಟದ ಬಳಿ ಚುಚ್ಚಿದಳು.

"ಅರ್ಧ ಇಂಚು ಬಿಡಿ ಅಕ್ಕಾವ್ರೇ," ಎಂದಳು ಕಾಜಮ್ಮ. "ಹೊಸ ಮದುವೆ. ಗಂಡನಿಂದ ಅರ್ಧ ಇಂಚು ಏರುತ್ತೆ, ಅತ್ತೆಯಿಂದ ಅರ್ಧ ಇಂಚು ಇಳಿಯುತ್ತೆ. ಯಾವುದಕ್ಕೂ ಇರಲಿ."

ಅಕ್ಕನಿಗೂ ನಗು ಬಂತು. ಸೂಜಿ ಇದ್ದುದರಿಂದ ಮೂಗಿನಲ್ಲೇ ನಕ್ಕಳು. ಈ ಬೇಸಿಗೆ ಅವಳಿಗೆ ಯಾವತ್ತೂ ಇಲ್ಲದಷ್ಟು ನಗು ಸಿಕ್ಕಿತ್ತು. ಬೇರೆ ವರ್ಷಗಳಲ್ಲಿ ಯಾರಾದರೂ ಬಂದರೆ ಬಟ್ಟೆ ಹೊಲಿಸಲು ಬರುತ್ತಿದ್ದರು, ಟೀ ಕುಡಿದು ಹೋಗುತ್ತಿದ್ದರು. ಈ ಸಲ ಅಮ್ಮ ಬಂದು ಎರಡು ವಾರ ಉಳಿದಳು. ತಮ್ಮ ಮೂರು ಸಲ ಬಂದ. ತಂಗಿಯದು ಇದು ನಾಲ್ಕನೆಯ ಸಲ. ಬಂದವರೆಲ್ಲ ಹಣ್ಣು ತಂದರು, ಬಿಸ್ಕತ್ತು ತಂದರು, ಅವಳ ಮಂಡಿನೋವು ವಿಚಾರಿಸಿದರು. ಎಲ್ಲರಿಗೂ ಏನಾದರೊಂದು ಹೊಸದು ಶುರುವಾಗಿತ್ತು, ಆ ಸಂತೋಷದಲ್ಲಿ ತನ್ನನ್ನೂ ನೆನೆಸಿಕೊಂಡಿದ್ದಾರೆ ಎಂದುಕೊಂಡಿದ್ದಳು.

ಅವಳಿಗೂ ಹೊಸದೊಂದು ಶುರುವಾಗುವುದರಲ್ಲಿತ್ತು. ಮನೆ ಎರಡೇ ಕೋಣೆಯದು. ಹಿಂದಿನದು ಅಡುಗೆಮನೆ. ಮುಂದಿನದರಲ್ಲಿ ಮಂಚ, ಎರಡು ಹೊಲಿಗೆ ಯಂತ್ರ, ಇಸ್ತ್ರಿ ಹಲಗೆ, ಗಿರಾಕಿಗಳು ನಿಲ್ಲುವ ಮಣೆ. ಬಟ್ಟೆ ಕತ್ತರಿಸುವುದು ನೆಲದ ಮೇಲೆ. ಇಪ್ಪತ್ತೆರಡು ವರ್ಷ ಮಂಡಿಯೂರಿ ಕತ್ತರಿಸಿ, ಈಗ ಮೆಟ್ಟಿಲಿಳಿದರೆ ಮಂಡಿ ಲಟಕ್ ಎನ್ನುತ್ತಿತ್ತು. ಇನ್ನೆರಡು ವರ್ಷ ಹೀಗೇ ಕೂತರೆ ಆಮೇಲೆ ಏಳಿಸುವುದಕ್ಕೆ ಜನ ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಒಂದು ಕತ್ತರಿಸುವ ಮೇಜು ಬಂದಿತ್ತು: ಆರಡಿ ಉದ್ದ, ನಿಂತು ಕೆಲಸ ಮಾಡುವಷ್ಟು ಎತ್ತರ. ಸದ್ಯಕ್ಕೆ ಕಾಲು ಮಡಚಿ, ಹಳೆಯ ಹೊದಿಕೆ ಹೊದಿಸಿ, ಗೋಡೆಗೆ ಒರಗಿಸಿಟ್ಟಿತ್ತು. ಅದು ಈ ಕೋಣೆಯ ಮೇಜಲ್ಲ. ಅಮ್ಮನ ಮನೆಯ ಮುಂದಿನ ಕೋಣೆಗೆ ಹೋಗಬೇಕಾದ ಮೇಜು.

ಅಮ್ಮನ ಮನೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮುಂದಿನ ಕೋಣೆಯ ಬಾಗಿಲು ನೇರ ಬೀದಿಗೆ. ಅಪ್ಪ ಹೋದಮೇಲೆ ಅದನ್ನು ಗಡಿಯಾರ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಅವರು, ನನಗೂ ವಯಸ್ಸಾಯಿತು, ಬೇಗ ಬಿಡುತ್ತೇನೆ ಎಂದ ದಿನ ಅಮ್ಮನೇ ಎಲ್ಲರ ಎದುರಿಗೆ ಹೇಳಿದ್ದಳು: "ಅವರು ಖಾಲಿ ಮಾಡಿದ ದಿನವೇ ಆ ಕೋಣೆ ದೊಡ್ಡೋಳಿಗೆ. ನೆಲದ ಮೇಲೆ ಕೂತು ಕೂತು ಸಾಕಾಗಿದೆ ಅವಳಿಗೆ." ತಮ್ಮ, ತಂಗಿ ಇಬ್ಬರೂ ಅಲ್ಲೇ ಇದ್ದರು. ತಂಗಿ ಚಪ್ಪಾಳೆ ಕೂಡ ತಟ್ಟಿದ್ದಳು.

ಕೊನೆಯ ಸೂಜಿ ಚುಚ್ಚಿ ಅಕ್ಕ ಬಾಯಿ ಒರೆಸಿಕೊಂಡಳು. "ಇಳಿ. ಹುಷಾರು, ಪಕ್ಕೆಯಲ್ಲಿ ಸೂಜಿ ಇದೆ."

ತಂಗಿ ಕೋಟು ಕಳಚಿ ಕೊಟ್ಟಳು. ಕೈಚೀಲದ ಬಾಯಿಯನ್ನು ಎರಡು ಸಲ ತೆರೆದು ಮುಚ್ಚಿದಳು. "ಅಕ್ಕ, ಇನ್ನೊಂದು ಕೆಲಸ ಇದೆ. ಇವರು ಸ್ವಂತ ಅಂಗಡಿ ಹಾಕ್ತಿದಾರೆ."

"ಕನ್ನಡಕದ್ದಾ? ಅಯ್ಯೋ, ಇಷ್ಟೊತ್ತು ಅತ್ತೆ ಮಂಚದ ಮೇಲೆ ಕೂತಿದ್ದು ಹೇಳಿದೆ, ಇದನ್ನ ಹೇಳಬಾರದಿತ್ತೇನೇ?"

"ಸಣ್ಣದು ಅಕ್ಕ. ನಮ್ಮ ಆಫೀಸಿನ ಹಿಂದಿನ ಬೀದೀಲಿ. ಬಾಡಿಗೆಗೆ." ತಂಗಿ ಇದನ್ನು ಹೊದಿಕೆ ಹೊದ್ದ ಮೇಜನ್ನು ನೋಡಿಕೊಂಡು ಹೇಳಿದಳು. "ಎರಡು ಕಿಟಕಿಗೆ ಪರದೆ ಬೇಕು. ಕಣ್ಣು ಪರೀಕ್ಷೆ ಮಾಡೋವಾಗ ಒಳಗೆ ಕತ್ತಲೆ ಆಗಬೇಕು, ಅದಕ್ಕೆ ಕಪ್ಪು ಲೈನಿಂಗ್ ಕೊಡು."

"ಭಾನುವಾರ ಬಂದು ಅಳತೆ ತಗೋತೀನಿ."

"ಬೇಡ ಬೇಡ, ನಾನೇ ತಗೊಂಡು ಬಂದಿದೀನಿ." ನಾಲ್ಕು ಮಡಿಕೆಯ ಚೀಟಿ ಯಂತ್ರದ ಮೇಲೆ ಬಂತು. "ಹಾಕೋದಕ್ಕೂ ನೀನು ಬರಬೇಡ. ಮಂಡಿ ನೋವು ಇಟ್ಕೊಂಡು ಏಣಿ ಗೀಣಿ ಹತ್ತಬೇಡ. ಇವರೇ ಹಾಕ್ಕೋತಾರೆ."

ಮೈಮೇಲೆ ನೋಡದೆ ಕೋಟು, ಕಿಟಕಿಯ ಮೇಲೆ ನೋಡದೆ ಪರದೆ ಕೊಡುವುದು ಅಕ್ಕನ ಪದ್ಧತಿಯಲ್ಲ. ಅದು ತಂಗಿಗೂ ಗೊತ್ತು. ಅಕ್ಕ ಏನೋ ಹೇಳಬೇಕೆನ್ನುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿದ್ದಳು. ಹೋಗುವಾಗ ಅಕ್ಕನ ಕೆನ್ನೆಗೆ ಕೆನ್ನೆ ಒತ್ತಿದಳು. ಚಿಕ್ಕವಳಿದ್ದಾಗ ತಪ್ಪು ಮಾಡಿದ ದಿನ ಮಾತ್ರ ಹಾಗೆ ಮಾಡುತ್ತಿದ್ದಳು ಎಂಬುದು ಅಕ್ಕನಿಗೆ ಬಾಗಿಲು ಮುಚ್ಚಿದ ಮೇಲೆ ನೆನಪಾಯಿತು. ಛೆ, ನನ್ನದು ಯಾವಾಗಲೂ ಇದೇ ಹಣೆಬರಹ, ಹುಳುಕು ಹುಡುಕುವುದು, ಎಂದು ತನ್ನನ್ನೇ ಬೈದುಕೊಂಡಳು.

ಕಾಜಮ್ಮ ಊಟಕ್ಕೆಂದು ಮನೆಗೆ ಹೋದಳು. ಎಷ್ಟು ಬಟ್ಟೆ ಬೇಕಾಗುತ್ತದೆ ಎಂದು ಲೆಕ್ಕ ಹಾಕಲು ಅಕ್ಕ ಚೀಟಿ ಬಿಚ್ಚಿದಳು. ತಂಗಿಯ ದುಂಡು ಅಕ್ಷರ.

ಕಿಟಕಿ ಒಂದು: ಅಗಲ ೩೮. ಎಡ ೫೧, ಬಲ ೫೧.

ಕಿಟಕಿ ಎರಡು: ಅಗಲ ೩೮. ಎಡ ೫೨ ಕಾಲು, ಬಲ ೫೧.

ಅವಳು ಚೀಟಿಯನ್ನು ಯಂತ್ರದ ಮೇಲೆ ಇಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡಳು.

ಪರದೆ ಹೊಲಿಸಲು ಬರುವವರು ಒಂದು ಅಗಲ, ಒಂದು ಎತ್ತರ ಬರೆದುಕೊಂಡು ಬರುತ್ತಾರೆ. ಎತ್ತರವನ್ನು ಎರಡು ಕಡೆ ಅಳೆಯುವವರು ಈ ಲೋಕದಲ್ಲಿ ಇಬ್ಬರೇ: ಅವಳು, ಅವಳ ಕೈಯಲ್ಲಿ ಪಳಗಿದ ತಂಗಿ. ಏಳನೆಯ ವಯಸ್ಸಿನಿಂದ ಟೇಪಿನ ಇನ್ನೊಂದು ತುದಿ ಹಿಡಿಯುವುದು ತಂಗಿಯ ಕೆಲಸವಾಗಿತ್ತು. "ಕಿಟಕಿ ನೇರ ಇದೆ ಅಂತ ನಂಬಬೇಡ. ಎಡಕ್ಕೊಂದು, ಬಲಕ್ಕೊಂದು ಅಳೆ," ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಆ ಪಾಠ ಹುಟ್ಟಿದ್ದೇ ಒಂದು ಕಿಟಕಿಯಿಂದ. ಅಪ್ಪ ಒಂದು ರಜಾದಿನ, ಬಡಗಿ ಯಾಕೆ, ನಾನೇ ಕೂರಿಸುತ್ತೇನೆ ಎಂದು ಹೊರಟು ಕೂರಿಸಿದ ಕಿಟಕಿ. ಕೆಳಗಿನ ಹಲಗೆ ಎಡಕ್ಕೆ ಒಂದೂಕಾಲು ಇಂಚು ಇಳಿದಿತ್ತು. ನೋಡಿದವರು ನಕ್ಕರೆ ಅಪ್ಪ, "ಕಿಟಕಿ ಸರಿಯಾಗೇ ಇದೆ, ಬೀದಿ ಸೊಟ್ಟ," ಎನ್ನುತ್ತಿದ್ದ. ಅಕ್ಕ ಬದುಕಿನಲ್ಲಿ ಹೊಲಿದ ಮೊದಲ ಪರದೆ ಆ ಕಿಟಕಿಯದು. ಅಂಚನ್ನು ಓರೆಯಾಗಿ ಮಡಚಿ, ಹಲಗೆಗೆ ಸರಿಯಾಗಿ ತಾಗುವಂತೆ ಹೊಲಿದಿದ್ದಳು. ಆ ಮೇಲೆ ಯಾರೂ ನಗಲಿಲ್ಲ.

ಮಂಚದ ಕೆಳಗಿನ ಟ್ರಂಕಿನಿಂದ ಹಳೆಯ ಅಳತೆ ಪುಸ್ತಕ ತೆಗೆದಳು. ನೋಡುವ ಅಗತ್ಯವೇನೂ ಇರಲಿಲ್ಲ. ಎರಡನೆಯ ಪುಟದಲ್ಲೇ ಇತ್ತು. ಅಮ್ಮನ ಮನೆಯ ಮುಂದಿನ ಕೋಣೆ, ಸೊಟ್ಟ ಕಿಟಕಿ. ಎಡ ೫೨ ಕಾಲು, ಬಲ ೫೧.

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅವಳು ನೆಲದ ಮೇಲೇ ಕೂತಳು. ಇಡೀ ಬೇಸಿಗೆ ಒಂದೊಂದೇ ದಿನವಾಗಿ ಹಿಂದಕ್ಕೆ ಬಿಚ್ಚಿಕೊಳ್ಳತೊಡಗಿತು, ಹೊಲಿಗೆಯ ಒಂದು ದಾರ ಎಳೆದರೆ ಉಳಿದದ್ದೆಲ್ಲ ಬರುವಂತೆ.

ಅಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ದಿನಕ್ಕೆ ಆರು ಸಲ ಔಷಧಿಯ ಹನಿ ಹಾಕಬೇಕಿತ್ತು. ಹನಿ ಹಾಕಿಸಿಕೊಂಡು, "ನಿನ್ನ ಕೈ ತಂಪು ಕಣೇ," ಎಂದು ಅವಳ ಬೆರಳು ಹಿಡಿದುಕೊಂಡೇ ಮಲಗುತ್ತಿದ್ದಳು. ಮೇಜು ಯಾವ ಗೋಡೆಗೆ ಹಾಕಲಿ ಎಂದು ಕೇಳಿದರೆ ಮಾತ್ರ ಕಣ್ಣು ಉರಿಯುತ್ತಿತ್ತು. "ಮಳೆಗಾಲ ಕಳೀಲಿ, ನೋಡೋಣ," ಎನ್ನುತ್ತಿದ್ದಳು. ಹೊರಡುವ ದಿನ, ಇಲ್ಲಿ ಮೊಳೆಗೆ ತೂಗುಹಾಕಿದ್ದ ಅಲ್ಲಿನ ಮುಂದಿನ ಕೋಣೆಯ ಕೀಲಿ ಕೇಳಿ ತೆಗೆದುಕೊಂಡಿದ್ದಳು. ಗಡಿಯಾರದವರು ತಮ್ಮದನ್ನು ಕಳೆದುಕೊಂಡಿದ್ದಾರಂತೆ.

ತಮ್ಮ ವೈರಿಂಗ್ ಕೆಲಸದವನು. ಮೊದಲ ಸಲ ಬಂದಾಗ ಮೇಜು ಕೊಳ್ಳಲು ಜೊತೆಗೆ ಬಂದಿದ್ದ. ಅಂಗಡಿಯಲ್ಲಿ ಉದ್ದ ಅಳೆದವನೂ ಅವನೇ. ಎರಡನೆಯ ಸಲ ಅವಳ ಯಂತ್ರದ ಮೇಲೆ ಒಳ್ಳೆಯ ದೀಪ ಹಾಕಿಕೊಟ್ಟ. "ಹಗುರಾಗಿ ಕೂರಿಸೋ, ಆ ಮೇಲೆ ಬಿಚ್ಚಿ ಅಲ್ಲಿಗೆ ಒಯ್ಯಬೇಕು," ಎಂದಿದ್ದಳು. ಅವನು ಸೂರಿಗೆ ನಾಲ್ಕು ತೂತು ಕೊರೆದು, ನಾಲ್ಕು ಸ್ಕ್ರೂಗಳನ್ನೂ ಕೊನೆತನಕ ತಿರುಗಿಸಿದ್ದ. ಮೂರನೆಯ ಸಲ ಸುಮ್ಮನೆ ಬಂದು, ಎರಡು ಲೋಟ ಟೀ ಕುಡಿದು, ಬಾಗಿಲಲ್ಲಿ ನಿಂತು "ಅಕ್ಕ," ಎಂದಿದ್ದ. "ಏನೋ?" ಎಂದರೆ, "ಏನಿಲ್ಲ, ಟೀ ಚೆನ್ನಾಗಿತ್ತು," ಎಂದು ಹೋಗಿದ್ದ.

ಅಕ್ಕ ಫೋನು ತೆಗೆದು ಅವನಿಗೇ ಮಾಡಿದಳು.

"ಗಡಿಯಾರದವರು ಖಾಲಿ ಮಾಡಿದರೇನೋ?"

ಆ ಕಡೆ ಯಾರೋ ಗೋಡೆ ಕೊರೆಯುತ್ತಿದ್ದರು. ಶಬ್ದ ನಿಂತಿತು. "ಇನ್ನೂ ಇಲ್ಲ ಅನ್ಸುತ್ತೆ ಅಕ್ಕ. ಯಾಕೆ?"

"ಸುಮ್ಮನೆ ಕೇಳಿದೆ. ಎಲ್ಲಿದೀಯ?"

"ಕೆಲಸದ ಮೇಲಿದೀನಿ." ಅವನ ಹಿಂದಿನಿಂದ ಒಂದು ಹೆಣ್ಣು ದನಿ, "ದೀಪದ ಸ್ವಿಚ್ಚು ಕೆಳಗೇ ಇರಲಿ ಕಣೋ, ನನಗೆ ಎಟುಕಬೇಕು," ಎಂದಿತು. ಅಮ್ಮನ ದನಿ.

"ಸರಿ, ಕೆಲಸ ಮಾಡು," ಎಂದು ಅಕ್ಕ ಫೋನು ಇಟ್ಟಳು.

ಪರದೆ ಹೊಲಿಯಲು ಎರಡು ದಿನ ಹಿಡಿಯಿತು. ಗಟ್ಟಿ ನೀಲಿ ಬಟ್ಟೆ, ಕಪ್ಪು ಲೈನಿಂಗ್, ಮೇಲೆ ಒತ್ತೊತ್ತಾಗಿ ನೆರಿಗೆ. ನೆಲದ ಮೇಲೆ ಹಾಸಿ, ಮಂಡಿಯೂರಿ ಕತ್ತರಿಸಿದಳು. ಕಾಜಮ್ಮ ಚೀಟಿ ನೋಡಿ, "ಇದಕ್ಕೆ ಓರೆ ಅಂಚು ಬರಬೇಕಲ್ವಾ ಅಕ್ಕಾವ್ರೇ? ಒಂದೂಕಾಲು ಇದೆ," ಎಂದಳು.

"ಅದನ್ನ ನಾನೇ ಮಾಡ್ತೀನಿ, ನೀವು ಬಿಡಿ."

ಭಾನುವಾರ ಬೆಳಿಗ್ಗೆ ಪರದೆಗಳನ್ನು ಮಡಿಕೆ ಬೀಳದಂತೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ, ಆಫೀಸಿನ ಹಿಂದಿನ ಬೀದಿಯಲ್ಲೂ ಇಂಥದೇ ಒಂದು ಕಿಟಕಿ ಇರಬಾರದೇಕೆ, ಅಮ್ಮ ಹಳೆಯ ಬಲ್ಬು ಬದಲಾಯಿಸಲು ತಮ್ಮನನ್ನು ಕರೆಸಿರಬಾರದೇಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೀದಿ ತಿರುವಿನಲ್ಲಿ ಮುಂದಿನ ಕೋಣೆಯ ಬಾಗಿಲು ಕಂಡಿತು. ಗಡಿಯಾರದವರ ಫಲಕ ಇದ್ದ ಕಡೆ ಗೋಡೆ ಒಂದು ಚೌಕದಷ್ಟು ಬೆಳ್ಳಗಿತ್ತು.

ಬಾಗಿಲು ತೆರೆದೇ ಇತ್ತು. ತಮ್ಮ ಏಣಿಯ ಮೇಲೆ. ತಂಗಿ ಗಾಜಿನ ಕಪಾಟು ಒರೆಸುತ್ತಿದ್ದಳು. ನಡುವೆ ಎತ್ತರದ ಹೊಸ ಕುರ್ಚಿಯಲ್ಲಿ ಅಮ್ಮ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರಿನ ಗೋಡೆಯ ಪಟ ಓದುತ್ತಿದ್ದಳು. ಪಕ್ಕದಲ್ಲಿ ತಂಗಿಯ ಗಂಡ, ಬೆತ್ತದ ತುದಿಯಿಂದ ಅಕ್ಷರ ತೋರಿಸುತ್ತಿದ್ದ.

"ಗ. ಮ. ಅದು ಯ ಅಲ್ವೇನಪ್ಪ? ಆಮೇಲೆ ರ..." ಅಮ್ಮ ನಿಲ್ಲಿಸಿದಳು. ಕೈ ಕಣ್ಣಿನ ಮೇಲೇ ಉಳಿಯಿತು.

ತಮ್ಮ ಏಣಿಯಿಂದ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. "ಅಕ್ಕ, ಬಸ್ಸಲ್ಲಿ ಬಂದ್ಯಾ?" ಎಂದ.

"ಇಲ್ಲ ಕಣೋ, ಹಾರ್ಕೊಂಡು ಬಂದೆ."

ಯಾರೂ ನಗಲಿಲ್ಲ. ತಂಗಿಯ ಗಂಡ ಬೆತ್ತವನ್ನು ಎಲ್ಲಿಡಬೇಕೆಂದು ತಿಳಿಯದೆ, "ಬನ್ನಿ ಅಕ್ಕ, ಕೂತ್ಕೊಳಿ," ಎಂದು ಕುರ್ಚಿ ತೋರಿಸಲು ಹೋಗಿ, ಅದರಲ್ಲಿ ಅಮ್ಮ ಇದ್ದುದರಿಂದ ಕೈ ಇಳಿಸಿದ. ಒಳಗಿನಿಂದ ಟೀ ತರುತ್ತೇನೆಂದು ಹೊರಟೇಹೋದ.

"ಹೇಗೆ ಗೊತ್ತಾಯ್ತು ನಿಂಗೆ?" ಎಂದಳು ತಂಗಿ. ಒರೆಸುವ ಬಟ್ಟೆ ಕೈಯಲ್ಲಿ ಮುದುಡಿಹೋಗಿತ್ತು.

"ಎಡಕ್ಕೊಂದು, ಬಲಕ್ಕೊಂದು ಬರೆದಿದ್ದೀಯ."

ತಂಗಿ ಕಿಟಕಿಯ ಕಡೆ ನೋಡಿದಳು. "ನೀನೇ ಕಲಿಸಿದ್ದು," ಎಂದಳು ಮೆಲ್ಲಗೆ, ದೂರುವಂತೆ.

"ನಿಂತೇ ಯಾಕೆ ಮಾತಾಡ್ತೀಯ, ಒಳಗೆ ಬಾ," ಎಂದಳು ಅಮ್ಮ. "ನೋಡು, ನಿಂದು ಹೇಗೋ ನಡೀತಿದೆ. ಗಿರಾಕಿಗಳಿದಾರೆ, ಹೆಸರಿದೆ. ಅವನು ಈಗ ಶುರು ಮಾಡ್ತಿರೋನು. ಮದುವೆಗೆ ಮುಂಚೆನೇ ಅವರ ಮನೆಯವರು ಕೇಳಿದರು, ನಾನು ಹೂಂ ಅಂದೆ. ನೀನು ಅರ್ಥ ಮಾಡ್ಕೋತೀಯ ಅಂತ ಗೊತ್ತಿತ್ತು ನಂಗೆ."

"ಮದುವೆಗೆ ಮುಂಚೆನೇ." ಅಕ್ಕ ಅಮ್ಮನ ಕಣ್ಣನ್ನೇ ನೋಡಿದಳು, ತಾನು ಎಂಬತ್ತು ಸಲ ಹನಿ ಹಾಕಿದ ಕಣ್ಣು. "ಅರ್ಥ ಮಾಡ್ಕೋತೀನಿ ಅಂತ ಗೊತ್ತಿದ್ರೆ, ಹೇಳೋದಕ್ಕೆ ಏನಾಗಿತ್ತಮ್ಮ?"

"ಹೇಳೋಣ ಅಂತಾನೇ ಎರಡು ವಾರ ಬಂದು ಕೂತಿದ್ದೆ ಕಣೇ. ನೀನು ಅಷ್ಟು ಚೆನ್ನಾಗಿ ನೋಡ್ಕೊಂಡೆ. ಬಾಯಿ ಬರಲಿಲ್ಲ."

"ನಾನೂ ಅದಕ್ಕೇ ಬಂದಿದ್ದೆ ಅಕ್ಕ," ಎಂದ ತಮ್ಮ ಏಣಿಯ ಮೇಲಿನಿಂದ. "ಮೂರು ಸಲವೂ. ನಾನು ಬಾಯಿ ತೆಗೆಯೋಷ್ಟರಲ್ಲಿ ನೀನು ಮೇಜಿನ ವಿಷಯ ತೆಗೀತಿದ್ದೆ."

"ಮೇಜು ಅಳೆದೋನು ನೀನೇ ಅಲ್ವೇನೋ."

ಅವನು ಕೈಯಲ್ಲಿದ್ದ ವೈರಿನ ತುದಿ ಬಿಚ್ಚತೊಡಗಿದ. ಹಾಗಾದರೆ ಹಣ್ಣು, ಬಿಸ್ಕತ್ತು, ದೀಪ, ನಗು ಎಲ್ಲವೂ ಒಂದೇ ಮಾತನ್ನು ಹೇಳದೆ ಹೋದದ್ದಕ್ಕೆ ಕಟ್ಟಿದ ಬಡ್ಡಿ. ಬಂದವರೆಲ್ಲ ಹೇಳಲು ಬಂದು, ಅವಳ ಕೈಯಲ್ಲಿ ಉಂಡು, ಹಗುರಾಗಿ ವಾಪಸು ಹೋಗಿದ್ದರು.

ಅಕ್ಕ ಸುತ್ತು ಬಿಚ್ಚಿದಳು. "ಇಳಿಯೋ. ಏಣಿ ಬೇಕು."

"ನಾನು ಹಾಕ್ತೀನಿ ಅಕ್ಕ, ನಿನ್ನ ಮಂಡಿ..."

"ಇಳಿ ಅಂದೆ."

ಅವಳು ಏಣಿ ಹತ್ತಿದಳು. ಪ್ರತಿ ಮೆಟ್ಟಿಲಿಗೂ ಮಂಡಿ ಸದ್ದು ಮಾಡಿದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಮೊದಲ ಕಿಟಕಿಯ ಪರದೆ ಸರಳಿಗೆ ಏರಿತು, ಹಲಗೆಗೆ ಕೂದಲೆಳೆಯಷ್ಟೂ ಸಂದಿಲ್ಲದೆ ತಾಗಿತು. ಆ ಮೇಲೆ ಎರಡನೆಯದು. ಇಳಿದು ಬಂದು ಬಾಗಿಲು ಮುಂದಕ್ಕೆ ಎಳೆದಳು. ಕೋಣೆ ಕತ್ತಲಾಯಿತು. ಸೊಟ್ಟ ಕಿಟಕಿಯ ಎಡ ಮೂಲೆಯಿಂದ ಮಾತ್ರ ಒಂದು ಬೆಳಕಿನ ಸೀಳು, ಒಂದು ಕಡೆ ಅಗಲ ಇನ್ನೊಂದು ಕಡೆ ಸಪೂರ, ನೆಲದ ಮೇಲೆ ಚಾಚಿ ಅಮ್ಮನ ಪಾದದವರೆಗೆ ಬಂದಿತ್ತು. ಅಮ್ಮ ಪಾದ ಹಿಂದಕ್ಕೆ ಎಳೆದುಕೊಂಡಳು.

ತಂಗಿ ಪರದೆಯ ಹತ್ತಿರ ಹೋಗಿ ಅಂಚು ಮುಟ್ಟಿ ನೋಡಿದಳು. "ಅಕ್ಕ, ಎಡಗಡೆ ಗಿಡ್ಡ ಆಗಿದೆ. ನಾನು ಅಳತೆ ಸರಿಯಾಗೇ ಕೊಟ್ಟಿದ್ದೆ."

"ಹೌದು, ಸರಿಯಾಗೇ ಕೊಟ್ಟಿದ್ದೆ."

ಒಳಗಿನಿಂದ ಟೀ ಬಂತು. ಅಕ್ಕ ಆಗಲೇ ಬೀದಿಯಲ್ಲಿದ್ದಳು.

ಮರುದಿನ ಬೆಳಿಗ್ಗೆ ಕಾಜಮ್ಮ ಬಂದು ಬಾಗಿಲು ತಳ್ಳಿದರೆ ಅರ್ಧ ಮಾತ್ರ ತೆರೆಯಿತು. ಒಳಗೆ ಆರಡಿಯ ಮೇಜು ನಾಲ್ಕು ಕಾಲೂರಿ ಕೋಣೆಯನ್ನು ತುಂಬಿ ನಿಂತಿತ್ತು. ಅದು ಇದ್ದ ಗೋಡೆಗೆ ಈಗ ಮಂಚ ಒರಗಿತ್ತು, ಅದೇ ಹಳೆಯ ಹೊದಿಕೆ ಹೊದ್ದು. ಅಡುಗೆಮನೆಗೆ ಹೋಗಲು ದಾರಿಯೇ ಇರಲಿಲ್ಲ.

ಕಾಜಮ್ಮ ಬಾಗಿಲ ಸಂದಿಯಿಂದ ಒಳಗೆ ತೂರಿ ಬಂದಳು. "ಟೀ ಮಾಡೋದು ಹೇಗೆ?" ಎಂದಳು.

"ಕೆಳಗಿಂದ ನುಸುಳಿ."

"ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು. ಮತ್ತೆ ನೀವು ಮಲಗೋದು?"

"ಮೇಜಿನ ಕೆಳಗೆ. ದಿನಕ್ಕೆ ಒಂದೇ ಸಲ ಎದ್ದರೆ ಸಾಕಲ್ಲ."

ಕಾಜಮ್ಮ ಸೆರಗು ಸಿಕ್ಕಿಸಿಕೊಂಡು, ಗೊಣಗುತ್ತ, ಮೇಜಿನ ಕೆಳಗೆ ನುಸುಳಿ ಹೋದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಎರಡು ಲೋಟ ಮೇಜಿನ ಮೇಲೆ ಬಂದವು. ಅಕ್ಕ ತಂಗಿಯ ಕೋಟನ್ನು ಮೇಜಿನ ಮೇಲೆ ಹಾಸಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿಂತುಕೊಂಡು, ಸೊಂಟದ ಬಳಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

ಫೋನು ಹೊಡೆದುಕೊಂಡಿತು. ಕಾಜಮ್ಮ ಇಣುಕಿದಳು. "ತಂಗಿಯವರು. ನಿಮ್ಮ ಕೈ ಖಾಲಿ ಇಲ್ಲ, ನಾನು ಎತ್ತಿ ಕಿವಿಗೆ ಹಿಡೀಲಾ?"

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಡಬ್ಬಿಯಿಂದ ಮೂರು ಗುಂಡುಸೂಜಿ ಆರಿಸಿ, ಒಂದಾದಮೇಲೊಂದು ತುಟಿಗಳ ನಡುವೆ ಕಚ್ಚಿಕೊಂಡಳು. ಆಮೇಲೆ ಹಿಡಿಯಿರಿ ಎಂಬಂತೆ ತಲೆಯಾಡಿಸಿದಳು.

"ಅಕ್ಕ?" ಎಂದಿತು ಫೋನು. "ಅಕ್ಕ, ಇದೀಯಾ?"